ಮೊದಲ ವಾರಗಳ ಅಂಕಿ ಹಳಸಲು

ಸಂಪಾದಕರೇ,

‘ಇನ್ನೂ ನೂರೇ ಪ್ರಕರಣ’ ಎಂದು ಪಿಡುಗಿನ ಆರಂಭದಲ್ಲಿ ಸರ್ಕಾರಗಳು ಕೈಕಟ್ಟಿ ಕೂರುವುದಕ್ಕೆ ಲೆಕ್ಕದ ಎಡವಟ್ಟೂ ಒಂದು ಕಾರಣ. ಕೋವಿಡ್ ಶುರುವಾದಾಗ ಸೋಂಕು ತಗುಲಿ ಲಕ್ಷಣ ಕಾಣಲು ಸುಮಾರು 5 ದಿನ ಹಿಡಿಯುತ್ತಿತ್ತು. ಪರೀಕ್ಷೆ, ವರದಿಗೆ ಮತ್ತೆ ನಾಲ್ಕು ದಿನ ಹೋದರೆ ಇಂದಿನ ಅಂಕಿ ಒಂಬತ್ತು ದಿನ ಹಿಂದಿನದು. ಮೂರು ದಿನಕ್ಕೊಮ್ಮೆ ದುಪ್ಪಟ್ಟಾಗುವ ಸೋಂಕಾದರೆ ಆ 100 ಅಷ್ಟರಲ್ಲಿ 800 ಆಗಿರುತ್ತದೆ. ವಿಶ್ವ ಆರೋಗ್ಯ ಸಂಸ್ಥೆ ಅಂತರರಾಷ್ಟ್ರೀಯ ತುರ್ತುಸ್ಥಿತಿ ಸಾರಿದ್ದು 2020ರ ಜನವರಿ 30ರಂದು. ಹಲವು ದೇಶಗಳು ಎಚ್ಚೆತ್ತದ್ದು ಮಾತ್ರ ಮಾರ್ಚ್ 11ರಂದು ‘ಜಾಗತಿಕ ಪಿಡುಗು’ ಎಂಬ ಪದ ಕಿವಿಗೆ ಬಿದ್ದ ಮೇಲೆ!

ಜನರ ಎಡವಟ್ಟು ಬಕೆಟ್ಟಿನಲ್ಲಿ. ಬಾಗಿಲ ಹಿಡಿ, ಮೇಜು ಒರೆಸಲು ಶೇ 0.1ರ ಹೈಪೋಕ್ಲೋರೈಟ್ (ಬ್ಲೀಚ್‌ನಲ್ಲಿರುವ ಸೋಂಕುನಾಶಕ) ಸಾಕು: ಶೇ 5ರ ಬ್ಲೀಚ್ 20 ಮಿ.ಲೀ., ನೀರು 980 ಮಿ.ಲೀ. ಮೊದಲು ಸೋಪಿನಿಂದ ಕೊಳೆ ತೆಗೆಯದಿದ್ದರೆ ಕ್ಲೋರಿನ್ ಕೊಳೆಗೇ ಖರ್ಚಾಗಿಬಿಡುತ್ತದೆ. ದ್ರಾವಣವನ್ನು ದಿನಾ ಹೊಸದಾಗಿ ಕಲಸಬೇಕು. ‘ಇನ್ನಷ್ಟು ಸ್ಟ್ರಾಂಗ್ ಆಗಲಿ’ ಎಂದು ಆಸಿಡ್ ಇರುವ ಟಾಯ್ಲೆಟ್ ಕ್ಲೀನರ್ ಬೆರೆಸಿದರೆ ಏಳುವ ಕ್ಲೋರಿನ್ ಅನಿಲ ಶ್ವಾಸಕೋಶಕ್ಕೇ ಕುತ್ತು.

ಬೀದಿಗೆ, ಜನರ ಮೈಮೇಲೆ ಸಿಂಪಡಿಸಿದ್ದಂತೂ ಟಿ.ವಿ.ಗಷ್ಟೇ ಚಂದ. ಸಿಂಪಡಿಸಿದ ಸಿಬ್ಬಂದಿಗೆ ಸೋಂಕಿತರ ಸಂಪರ್ಕಕ್ಕೆ ಬಂದವರನ್ನು ಹುಡುಕುವ ಕೆಲಸ ಕೊಡಬಹುದಿತ್ತು. ಪಟ್ಟಿಯನ್ನು ಲಕ್ಷಣ ಕಾಣುವ 2 ದಿನ ಮೊದಲಿನ ಭೇಟಿಗಳಿಂದಲೇ ಶುರು ಮಾಡಬೇಕು, ಏಕೆಂದರೆ ಸೋಂಕು ಆಗಲೇ ಹರಡತೊಡಗಿರುತ್ತದೆ.