ವಿಟ್ಬಿಯ ಸೇಂಟ್ ಮೇರಿ ಚರ್ಚ್ ನೋಡಲು ಹೊರಟವರಿಗೆ

ಗೆಳೆಯರೇ, ಇಂಗ್ಲೆಂಡಿನ ಯಾರ್ಕ್‌ಷೈರ್‌ನ ವಿಟ್ಬಿಗೆ ಹೋದರೆ 199 ಮೆಟ್ಟಿಲು ಹತ್ತಿ ಈ ಚರ್ಚಿನ ಒಳಗೆ ಹೋಗದೆ ಬರಬೇಡಿ. ಕಟ್ಟಡದ ಮೂಲ 12ನೇ ಶತಮಾನದ್ದು, ಒಳಗಿನ ಮರಗೆಲಸ ಹೆಚ್ಚಾಗಿ 17–18ನೇ ಶತಮಾನದ್ದು.

ಮೊದಲು ನಡುವಿನ ಮೂರಂತಸ್ತಿನ ಉಪದೇಶಪೀಠ ನೋಡಿ, 1778ರದು. ಇಂಥ ಪೀಠದ ಕೆಳಗಿನ ಅಂತಸ್ತು ಆರಾಧನೆಯಲ್ಲಿ ನೆರವಾಗುವ ಚರ್ಚಿನ ಗುಮಾಸ್ತನಿಗೆ, ನಡುವಿನದು ಪ್ರಾರ್ಥನೆ ಓದಲು, ಮೇಲಿನದು ಉಪದೇಶಕ್ಕೆ. 16ನೇ ಶತಮಾನದ ಪ್ರೊಟೆಸ್ಟಂಟ್ ಮತಸುಧಾರಣೆಯ ನಂತರ ಬಲಿಪೀಠಕ್ಕಿಂತ ಮಾತು ಮುಖ್ಯವಾಯಿತು, ಆಸನಗಳೂ ಉಪದೇಶಪೀಠದತ್ತ ತಿರುಗಿದವು. ಪೀಠದ ಹಿಂಬದಿಯಲ್ಲಿ ಕಿವಿ ಕೇಳದವರಿಗಾಗಿ ಜೋಡಿಸಿದ ಕೊಳವೆಗಳಿವೆ, ಅವನ್ನು ತಪ್ಪದೆ ಹುಡುಕಿ.

ಸುತ್ತಲೂ ಬಾಗಿಲಿರುವ ಎತ್ತರದ ಪೆಟ್ಟಿಗೆ ಆಸನಗಳು. ಎತ್ತರದ ಹಲಗೆ ಗಾಳಿ ತಡೆಯುತ್ತಿತ್ತು; ಯಾವ ಮನೆತನ ಎಲ್ಲಿ ಕೂರಬೇಕೆಂಬುದೂ ಅದರಿಂದಲೇ ತಿಳಿಯುತ್ತಿತ್ತು. ವಿಕ್ಟೋರಿಯನ್ ಕಾಲದಲ್ಲಿ ಎಷ್ಟೋ ಚರ್ಚುಗಳು ಇವನ್ನು ಕಿತ್ತು ಸಾಲುಬೆಂಚು ಹಾಕಿದವು. ಇಲ್ಲಿ ಉಳಿದಿರುವುದು ನಮ್ಮ ಭಾಗ್ಯ.

ಹಲವರು ತಪ್ಪುವುದು ಇಲ್ಲೇ: ತಿರುಚಿದ ಕಂಬಗಳ ಮೇಲಿನ ಇಲ್ಲಿನ ಜಮೀನ್ದಾರರಾಗಿದ್ದ ಚೋಲ್ಮ್ಲಿ ಮನೆತನದ ಆಸನ ನಾರ್ಮನ್ ಶೈಲಿಯ (12ನೇ ಶತಮಾನದ) ಕಮಾನನ್ನು ಮರೆಮಾಡುತ್ತದೆ. ಅಲ್ಲಿಗೇ ಮುಗಿಯಿತೆಂದು ತಿರುಗಬೇಡಿ. ಚರ್ಚಿನ ಅತಿ ಹಳೆಯ ಭಾಗ ಅದರ ಹಿಂದೆ ಇದೆ.