ಜಯನಗರವೋ ಕೆಂಗೇರಿಯೋ: ಮಗಳಿಗೊಂದು ಪತ್ರ

ಮೈಸೂರು

ಚಿರಂಜೀವಿ ಮಗಳಿಗೆ ಅಪ್ಪನ ಆಶೀರ್ವಾದಗಳು.

ಬೆಂಗಳೂರಿನ ಜಯನಗರದ ಹಳೆಯ ಫ್ಲ್ಯಾಟು, ಕೆಂಗೇರಿ ಉಪನಗರದ ಹೊಸ ಫ್ಲ್ಯಾಟು, ಇವೆರಡರಲ್ಲಿ ಯಾವುದನ್ನು ಕೊಳ್ಳುವುದೆಂದು ನೀನೂ ಅಳಿಯಂದಿರೂ ತೀರ್ಮಾನಕ್ಕೆ ಬರಲಾಗದೆ ತೊಳಲುತ್ತಿರುವುದು ಮೊನ್ನೆ ನಿನ್ನ ಮಾತಿನಲ್ಲೇ ತಿಳಿಯಿತು. ಫೋನಿನಲ್ಲಿ ಇಂಥ ವಿಷಯವನ್ನು ಪೂರ್ತಿಯಾಗಿ ಹೇಳಲು ಆಗುವುದಿಲ್ಲವಾದ್ದರಿಂದ ಬರೆಯುತ್ತಿದ್ದೇನೆ. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ: ಕಾಗದಪತ್ರಗಳು ಸರಿಯಾಗಿದ್ದರೆ ಕೆಂಗೇರಿಯನ್ನೇ ಆರಿಸಿಕೊಳ್ಳಿ.

ಜಯನಗರವೇ ಆಗಲಿ ಎಂದು ಬೀಗರು ಹೇಳುವುದರಲ್ಲಿ ಹುರುಳಿಲ್ಲವೆಂದು ನಾನು ಹೇಳುವುದಿಲ್ಲ. 1948ರಲ್ಲಿ ಅಡಿಗಲ್ಲು ಹಾಕಿ, ನಕ್ಷೆಯಂತೆ ಬೆಳೆಸಿದ ಆ ಬಡಾವಣೆಯಲ್ಲಿ ಅಗಲವಾದ ರಸ್ತೆ, ಸಾಲುಮರ, ನಲ್ಲಿಯಲ್ಲಿ ಕಾವೇರಿ ನೀರು, ನಡೆದು ಹೋಗುವಷ್ಟು ದೂರದಲ್ಲಿ ಶಾಲೆ ಮತ್ತು ಆಸ್ಪತ್ರೆ ಎಲ್ಲವೂ ಇವೆ. ಮುಂದೆ ಮಾರಬೇಕಾಗಿ ಬಂದರೆ ಕೊಳ್ಳುವವರು ಬೇಗ ಸಿಗುತ್ತಾರೆ. ಆದರೆ ನೀವು ನೋಡಿರುವುದು ಲಿಫ್ಟ್ ಇಲ್ಲದ ಕಟ್ಟಡದ ಮೂರನೆಯ ಮಹಡಿಯಲ್ಲಿರುವ, ಹಗಲಿನಲ್ಲೂ ದೀಪ ಹಾಕಬೇಕಾದ ಮನೆ. ಬಡಾವಣೆಗಿರುವ ಗುಣಗಳು ಅದರೊಳಗಿನ ಪ್ರತಿಯೊಂದು ಮನೆಗೂ ಇರುವುದಿಲ್ಲ, ಬೆಲೆ ಮಾತ್ರ ಎಲ್ಲಕ್ಕೂ ಇರುತ್ತದೆ.

ಕೆಂಗೇರಿಗಿಂತ ಜಯನಗರದ ಮನೆಗೆ 40 ಲಕ್ಷ ಹೆಚ್ಚು ಎಂದು ನೀನು ಹೇಳಿದೆ. ಅಷ್ಟನ್ನೂ ಶೇ 8.5ರ ಬಡ್ಡಿಯಲ್ಲಿ 20 ವರ್ಷಕ್ಕೆ ಸಾಲವಾಗಿ ಪಡೆದರೆ, ಕೆಂಗೇರಿಗೆ ಕಟ್ಟುವ ಕಂತಿನ ಮೇಲೆ ತಿಂಗಳಿಗೆ ಇನ್ನೂ ಸುಮಾರು 34,700 ರೂಪಾಯಿ ಕಟ್ಟಬೇಕು. ಬಡ್ಡಿಯೊಂದೇ 43 ಲಕ್ಷ ದಾಟುತ್ತದೆ. ಸಾಲ 75 ಲಕ್ಷವನ್ನು ಮೀರಿದರೆ ಮನೆಯ ಮೌಲ್ಯದ ಶೇ 75ಕ್ಕಿಂತ ಹೆಚ್ಚು ಹಣವನ್ನು ಬ್ಯಾಂಕು ಕೊಡುವಂತಿಲ್ಲವಾದ್ದರಿಂದ ಕೈಯಿಂದ ಹಾಕುವ ಹಣವೂ ಬೆಳೆಯುತ್ತದೆ. 2025ರ ಆಗಸ್ಟ್ ಕೊನೆಯಿಂದ ನೋಂದಣಿ ಶುಲ್ಕ ಶೇ 1ರಿಂದ ಶೇ 2ಕ್ಕೆ ಏರಿರುವುದರಿಂದ, ಮುದ್ರಾಂಕ ಶುಲ್ಕವೂ ಸೇರಿ ಈ 40 ಲಕ್ಷದ ಮೇಲೆಯೇ ಮತ್ತೆ ಸುಮಾರು 3 ಲಕ್ಷ ಹೋಗುತ್ತದೆ. ಇಷ್ಟೆಲ್ಲ ಕಟ್ಟುವುದಕ್ಕೆ ನಿಮ್ಮಿಬ್ಬರ ಸಂಬಳವೂ ಒಂದು ತಿಂಗಳೂ ತಪ್ಪದೆ ಬರುತ್ತಿರಬೇಕು. ನಾಳೆ ಮಗುವಾಗಿ ವರ್ಷವೊಂದು ಕೆಲಸ ಬಿಟ್ಟು ಮನೆಯಲ್ಲಿರಬೇಕೆಂದು ನಿನಗೆ ಅನಿಸಿದರೆ, ಆ ತೀರ್ಮಾನ ನಿನ್ನದಾಗಿರಬೇಕೇ ಹೊರತು ಬ್ಯಾಂಕಿನ ಕಂತಿನದಾಗಬಾರದು. ನನಗೆ ಎಲ್ಲಕ್ಕಿಂತ ಮುಖ್ಯವಾದ ಮಾತು ಇದೇ.

ಕೆಂಗೇರಿ ದೂರ ಎನ್ನುವ ಮಾತು ಹಳೆಯದು. 2021ರ ಆಗಸ್ಟ್‌ನಲ್ಲಿ ಅಲ್ಲಿಗೆ ಮೆಟ್ರೊ ಬಂದಿದೆ, ನಿನ್ನ ಎಂ.ಜಿ. ರಸ್ತೆಯ ಕಚೇರಿ, ಅಳಿಯಂದಿರ ಇಂದಿರಾನಗರ, ಎರಡೂ ಅದೇ ನೇರಳೆ ಮಾರ್ಗದಲ್ಲಿವೆ. ಜಯನಗರದಿಂದಾದರೆ ಹಸಿರು ಮಾರ್ಗದಲ್ಲಿ ಬಂದು ಮೆಜೆಸ್ಟಿಕ್‌ನಲ್ಲಿ ಇಳಿದು ಬದಲಿಸಬೇಕು. ಮೈಸೂರಿನಿಂದ ಬರುವ ರೈಲುಗಳಲ್ಲಿ ಹಲವು ಕೆಂಗೇರಿಯಲ್ಲಿ ನಿಲ್ಲುವುದರಿಂದ ನಾವು ಬಂದುಹೋಗುವುದೂ ಸುಲಭವಾಗುತ್ತದೆ.

ಪ್ರದೇಶದ ಹೆಸರು ಒಮ್ಮೆ ಬಂದರೆ ಹಾಗೆಯೇ ನಿಲ್ಲುತ್ತದೆಂದು ಭಾವಿಸಬೇಡ. ಇಂದು ಪ್ರತಿಷ್ಠಿತವೆನಿಸಿಕೊಂಡಿರುವ ಮಲ್ಲೇಶ್ವರ ಮತ್ತು ಬಸವನಗುಡಿ 1898ರ ಪ್ಲೇಗಿನ ಹಾವಳಿಯ ನಂತರ ಪೇಟೆಯ ಇಕ್ಕಟ್ಟಿನಿಂದ ಜನ ಹೊರಬಂದು ನೆಲೆಸಿದ ಬಡಾವಣೆಗಳು. ಅತ್ತ ಕೋಟಿಗಟ್ಟಲೆ ಬೆಲೆಯ ವಿಲ್ಲಾಗಳಿರುವ ಯಮಲೂರು ಮತ್ತು ಸರ್ಜಾಪುರ ರಸ್ತೆಯ ಆಸುಪಾಸಿನಲ್ಲಿ 2022ರ ಸೆಪ್ಟೆಂಬರ್ ಮಳೆಗೆ ನಿವಾಸಿಗಳನ್ನು ಟ್ರ್ಯಾಕ್ಟರ್ ಮತ್ತು ದೋಣಿಗಳಲ್ಲಿ ಹೊರಗೆ ಕರೆತರಬೇಕಾಯಿತು.

ಕೆಂಗೇರಿಯ ಕೊರತೆಗಳನ್ನೂ ನೀನು ಕಣ್ಣಾರೆ ನೋಡಬೇಕು. ಕೆಂಗೇರಿಯ ಬಳಿ ಹರಿಯುವ ವೃಷಭಾವತಿ ನದಿ ಇಂದು ನಗರದ ಕೊಳಚೆಯನ್ನೇ ಹೊತ್ತು ಹರಿಯುತ್ತಿದೆ. ಆದ್ದರಿಂದ ಸಂಜೆಯ ಹೊತ್ತು ಒಮ್ಮೆ, ಮಳೆ ಬಿದ್ದ ಮರುದಿನ ಒಮ್ಮೆ ಅಲ್ಲಿಗೆ ಹೋಗಿ, ಆ ಮನೆಯ ಬಾಲ್ಕನಿಯಲ್ಲಿ ಸ್ವಲ್ಪ ಹೊತ್ತು ನಿಂತು ಬಾ. 2024ರ ಬೇಸಿಗೆಯಲ್ಲಿ ನಗರದ ಎಷ್ಟೋ ಕೊಳವೆಬಾವಿಗಳು ಬತ್ತಿದವು. ಆ ಮಾರ್ಚ್, ಏಪ್ರಿಲ್ ತಿಂಗಳುಗಳಲ್ಲಿ ಟ್ಯಾಂಕರ್ ನೀರಿಗೆ ಎಷ್ಟು ಖರ್ಚಾಯಿತು ಎಂಬ ಲೆಕ್ಕವನ್ನು ನಿವಾಸಿಗಳ ಸಂಘದಲ್ಲಿ ಕೇಳಿ ನೋಡು. ಮಾರುವವರ ಬಾಯಿಮಾತು ಸಾಲದು. ಇನ್ನೊಂದು ವಿಷಯ. ಉಪನಗರವೆಂದರೆ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ (ಬಿಡಿಎ) ಮಾಡಿದ ಬಡಾವಣೆ, ಆದರೆ ಅದಕ್ಕಿಂತ ಎಷ್ಟೋ ಆಚೆಗಿರುವ ಹಳ್ಳಿಗಳ ನಿವೇಶನಗಳನ್ನೂ ಕೆಂಗೇರಿಯೆಂದೇ ಹೇಳಿ ಮಾರುತ್ತಾರೆ. ಆದ್ದರಿಂದ ಸರ್ವೆ ನಂಬರು ಯಾವ ಗ್ರಾಮದ್ದೆಂದು ತಪ್ಪದೆ ನೋಡಿ.

ಪಾಲಿಕೆಯ ದಾಖಲೆಯಲ್ಲಿ ಆ ಮನೆ ಕ್ರಮಬದ್ಧ ಆಸ್ತಿಗಳ ಎ ಖಾತೆಯಲ್ಲಿದೆಯೋ ಉಳಿದವುಗಳ ಬಿ ಖಾತೆಯಲ್ಲಿದೆಯೋ, ಡಿಜಿಟಲ್ ದಾಖಲೆಯಾದ ಇ-ಖಾತೆ ಆಗಿದೆಯೇ, ವಾಸಕ್ಕೆ ಅನುಮತಿ ಕೊಡುವ ಒ.ಸಿ. ಪತ್ರ ಸಿಕ್ಕಿದೆಯೇ, ಮಳೆನೀರು ಹರಿಯುವ ರಾಜಕಾಲುವೆಯಿಂದ ಬಿಡಬೇಕಾದಷ್ಟು ಜಾಗ ಬಿಟ್ಟು ಕಟ್ಟಿದ್ದಾರೆಯೇ, ಆಸ್ತಿಯ ಮೇಲಿನ ಸಾಲಗಳನ್ನು ತೋರಿಸುವ ಋಣಭಾರ ಪತ್ರದಲ್ಲಿ ಏನಿದೆ ಎಂಬುದನ್ನೆಲ್ಲ ನಿಮ್ಮ ಕಡೆಯ ವಕೀಲರೊಬ್ಬರು ಮೂಲ ದಾಖಲೆಗಳನ್ನು ನೋಡಿಯೇ ಹೇಳಬೇಕು. ಬಿಲ್ಡರ್ ತೋರಿಸುವ ವಕೀಲರು ಬೇಡ. ಇವುಗಳಲ್ಲಿ ಒಂದು ಸರಿಯಿಲ್ಲದಿದ್ದರೂ ಕೆಂಗೇರಿಯ ಆ ಮನೆಯನ್ನು ಬಿಟ್ಟು, ಅದೇ ಮೆಟ್ರೊ ಮಾರ್ಗದಲ್ಲಿ ಬೇರೊಂದನ್ನು ಹುಡುಕಿ. ಆಗಲೂ ಜಯನಗರದ ಕತ್ತಲೆ ಕೋಣೆಗೆ ಮರಳಬೇಕಾಗಿಲ್ಲ.

ವಕೀಲರ ಶುಲ್ಕವನ್ನು ನಾನೇ ಕೊಡುತ್ತೇನೆ. ಅವರು ನೋಡಿ ಒಪ್ಪುವವರೆಗೆ ಯಾರಿಗೂ ಮುಂಗಡ ಕೊಡಬೇಡಿ. ಬೀಗರಿಗೆ ಬೇಸರವಾದೀತೆಂಬ ಅಳುಕು ನಿನಗಿದ್ದರೆ, ಈ ಲೆಕ್ಕವನ್ನು ನಾನೇ ಬಂದು ಅವರ ಮುಂದಿಡುತ್ತೇನೆ; ಯಾವ ಭಾನುವಾರ ಬರಲೆಂದು ಅಳಿಯಂದಿರನ್ನು ಕೇಳಿ ತಿಳಿಸು.

ಇಂತಿ,
ನಿನ್ನ ಅಪ್ಪ