ಪಿಯಾನೋಗೆ ಎಂಥ ಮೈಕ್ ಬೇಕು?

ಸಂಪಾದಕರೇ,

ಚಿಕ್ಕಮಗಳೂರಿನ ನಮ್ಮ ಹಂಚಿನ ಮನೆಯಲ್ಲಿ ಅತ್ತೆಯವರ ಕಾಲದ ಪಿಯಾನೋ ಇದೆ. ಮಗಳು ನುಡಿಸಿದ್ದನ್ನು ಫೋನಿನಲ್ಲಿ ರೆಕಾರ್ಡ್ ಮಾಡಿದರೆ ಮೆಲ್ಲನೆಯ ಸ್ವರ, ಜೋರು ಸ್ವರ ಎಲ್ಲ ಒಂದೇ ಮಟ್ಟ. ಫೋನ್ ತಾನೇ ಸದ್ದನ್ನು ಏರಿಸಿ ಇಳಿಸುತ್ತದೆ, ಅದಕ್ಕೆ. ಅಂಗಡಿಯವರೊಬ್ಬರು ಹಾಡುವವರ ಮೈಕ್ ಒಂದನ್ನು ಕೊಟ್ಟು ಕಳಿಸಿದರು. ಸುಮ್ನೆ ಖರ್ಚು! 88 ಕೀಗಳ ಅಗಲ ಅದರಲ್ಲಿ ಬರಲೇ ಇಲ್ಲ.

ಕೊನೆಗೆ ಸಣ್ಣ ಸದ್ದನ್ನೂ ಹಿಡಿಯುವ ಎರಡು ಚಿಕ್ಕ ಕಂಡೆನ್ಸರ್ ಮೈಕ್, ಅವಕ್ಕೆ ಬೇಕಾದ 48 ವೋಲ್ಟ್ ಕೊಟ್ಟು ಸದ್ದನ್ನು ಕಂಪ್ಯೂಟರಿಗೆ ಕಳಿಸುವ ಇಂಟರ್‌ಫೇಸ್ ಎಂಬ ಪೆಟ್ಟಿಗೆ ಕೊಂಡೆವು. ಮೇಲಿನ ಮುಚ್ಚಳ ತೆಗೆದು, ನೆಲಕ್ಕೆ ಜಮಖಾನ ಹಾಸಿದೆವು. ಈಗ ಮಂದ್ರದ ತಂತಿಯ ಗುಂಯ್ ಕೂಡ ಕೇಳುತ್ತದೆ. ಮಳೆ ಹೊಯ್ಯುವಾಗ ಮಾತ್ರ ರೆಕಾರ್ಡಿಂಗ್ ಸಾಧ್ಯವಿಲ್ಲ.

ನಿಮ್ಮಲ್ಲಿ ಹೊಸ ಫೋನುಗಳ ಬಗ್ಗೆ ಜಾಸ್ತಿ ಬರುತ್ತದೆ ಅಲ್ವಾ? ಕಡಿಮೆ ಬೆಲೆಯ ಇಂಥ ಸಾಮಾನಿನ ಬಗ್ಗೆಯೂ ದಯವಿಟ್ಟು ಬರೆಸಿ.

— ಓದುಗರೊಬ್ಬರು, ಚಿಕ್ಕಮಗಳೂರು